ನದಿಯ ದಡದಲ್ಲಿ ಕಾದವರು: ಗ್ಯಾಂಬಿಯಾದ ಜನಜೀವನ

ನಮ್ಮ ಸೋದರಮಾವನವರು ಬಿಟ್ಟುಹೋದ ಅಂಚೆಚೀಟಿಗಳ ಹಳೆಯ ಆಲ್ಬಮ್ಮಿನಲ್ಲಿ ಒಂದು ಪುಟ್ಟ ಚೀಟಿ ಇದೆ. ತಾಳೆಮರದ ಮುಂದೆ ನಿಂತ ಆನೆ, ಪಕ್ಕದಲ್ಲಿ ಆರನೆಯ ಜಾರ್ಜ್ ದೊರೆಯ ಮುಖ, ಮೇಲೆ 'ಗ್ಯಾಂಬಿಯಾ' ಎಂಬ ಹೆಸರು. ಚಿಕ್ಕಂದಿನಲ್ಲಿ ಅದು ಆನೆಗಳ ದೇಶವೆಂದೇ ನಾವು ತಿಳಿದಿದ್ದೆವು. ಆಮೇಲೆ ಓದಿದಾಗ ಗೊತ್ತಾಯಿತು: ಅಲ್ಲಿ ಈಗ ಒಂದು ಕಾಡಾನೆಯೂ ಇಲ್ಲ. ಚೀಟಿಯ ಮೇಲಿನ ಆನೆ ಹೋದರೂ ದೇಶ ಉಳಿದಿದೆ. ಆ ದೇಶ ಉಳಿದ ಬಗೆ ಆನೆಗಿಂತ ಸೋಜಿಗದ್ದು.

ಭೂಪಟವನ್ನು ಬಿಡಿಸಿ ನೋಡಿ. ಆಫ್ರಿಕದ ಪಶ್ಚಿಮದ ತುದಿಯಲ್ಲಿ ಸೆನೆಗಲ್ ದೇಶವಿದೆ. ಅದರ ಹೊಟ್ಟೆಯೊಳಗೆ, ಕಡಲ ಕಡೆಯಿಂದ ಪೂರ್ವಕ್ಕೆ, ಸುತ್ತಿ ಸುತ್ತಿ ಹೋಗುವ ಹಾವಿನಂತೆ ಒಂದು ಸಣ್ಣ ಪಟ್ಟಿ. ಅದೇ ಗ್ಯಾಂಬಿಯಾ. ಉದ್ದ ಮುನ್ನೂರು ಕಿಲೋಮೀಟರಿಗೆ ತುಸು ಹೆಚ್ಚು. ಅಗಲ ಎಲ್ಲಿಯೂ ಐವತ್ತು ಕಿಲೋಮೀಟರಿಲ್ಲ. ಒಟ್ಟು ವಿಸ್ತೀರ್ಣ ಸುಮಾರು 11,300 ಚದರ ಕಿ.ಮೀ., ಅಂದರೆ ನಮ್ಮ ತುಮಕೂರು ಜಿಲ್ಲೆಗಿಂತ ಕೊಂಚ ದೊಡ್ಡದು. ಅದರಲ್ಲಿಯೂ ಒಂದು ಪಾಲು ಬರೀ ನೀರು. 1963ರ ಜನಗಣತಿಯಲ್ಲಿ ಮೂರು ಲಕ್ಷ ಹದಿನೈದು ಸಾವಿರವಿದ್ದ ಜನಸಂಖ್ಯೆ 2024ರ ಗಣತಿಯ ಹೊತ್ತಿಗೆ ಇಪ್ಪತ್ತನಾಲ್ಕು ಲಕ್ಷಕ್ಕೆ ಏರಿದೆ.

ದೇಶದ ನಡುವೆ ನದಿ ಹರಿಯುವುದು ಹೊಸದಲ್ಲ. ಆದರೆ ಇಲ್ಲಿ ನದಿಯ ಎರಡು ದಡಗಳನ್ನೇ ಕತ್ತರಿಸಿ ದೇಶ ಎಂದು ಕರೆದಿದ್ದಾರೆ. ಹೀಗೆ ಕತ್ತರಿಸಿದವರು ಯಾರು, ಏತಕ್ಕೆ? ಆ ಗೆರೆಯೊಳಗೆ ಸಿಕ್ಕಿಕೊಂಡ ಜನ ದಿನನಿತ್ಯದ ಬಾಳನ್ನು, ಓಡಾಟವನ್ನು ಹೇಗೆ ನಡೆಸಿಕೊಂಡು ಬಂದರು? ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನಮಗೆ, ಕಾಗದದ ಮೇಲೆ ಎಳೆದ ಒಂದು ಗೆರೆ ಜನರ ಬಾಗಿಲಲ್ಲಿ ಏನಾಗುತ್ತದೆ ಎಂಬುದು ಯಾವಾಗಲೂ ಕಾಡುವ ಪ್ರಶ್ನೆ. ಅದಕ್ಕೆ ಗ್ಯಾಂಬಿಯಾದಂಥ ಉದಾಹರಣೆ ಮತ್ತೊಂದು ಸಿಗಲಾರದು.

ಹೊಳೆಯೇ ಹೆದ್ದಾರಿ

ಗ್ಯಾಂಬಿಯಾ ನದಿ ಗಿನಿ ದೇಶದ ಫೂಟಾ ಜಲೋನ್ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 1,120 ಕಿ.ಮೀ. ಹರಿದು ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಕೆಳಹರಿವಿನಲ್ಲಿ ಇಳಿಜಾರು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಕಡಲಿನ ಉಬ್ಬರವಿಳಿತ ನೂರಾರು ಕಿಲೋಮೀಟರು ಒಳನಾಡಿಗೆ ತಲುಪುತ್ತದೆ. ಬೇಸಗೆಯಲ್ಲಿ ಉಪ್ಪುನೀರು ಇನ್ನೂರು ಕಿಲೋಮೀಟರಿಗೂ ಮೇಲಕ್ಕೆ ಏರುತ್ತದೆ. ಹಡಗಿಗೆ ಇಂಥ ಹೊಳೆ ವರದಾನ. ಭತ್ತ ಬೆಳೆಯುವ ಹೆಂಗಸರಿಗೆ ಮಾತ್ರ ಮಳೆ ಬಂದು ಉಪ್ಪು ತೊಳೆದುಹೋಗುವವರೆಗೆ ಕಾಯುವುದೇ ಗತಿ.

ಗೆರೆ ಬೀಳುವ ಮೊದಲು ಈ ಹೊಳೆ ಯಾರಿಗೂ ಗಡಿಯಾಗಿರಲಿಲ್ಲ. ಎರಡೂ ದಡಗಳಲ್ಲಿ ಮಂಡಿಂಕಾ ಜನರ ಸಣ್ಣ ಸಣ್ಣ ರಾಜ್ಯಗಳಿದ್ದವು. ವೊಲೊಫ್, ಫುಲಾ, ಜೋಲಾ, ಸೆರಹುಲೆ ಜನ ಅವರೊಡನೆ ಬೆರೆತು ಬಾಳುತ್ತಿದ್ದರು. ಕಡಲ ಕಡೆಯಿಂದ ಉಪ್ಪು ಮೇಲಕ್ಕೆ ಹೋಗುತ್ತಿತ್ತು. ಒಳನಾಡಿನಿಂದ ಬಟ್ಟೆ, ದಂತ, ಜೇನುಮೇಣ, ಚಿನ್ನ ಕೆಳಕ್ಕೆ ಬರುತ್ತಿದ್ದವು. ದಡದ ಎಷ್ಟೋ ಊರುಗಳ ಹೆಸರು ಇಂದಿಗೂ 'ತೆಂಡಾ' ಎಂದು ಮುಗಿಯುತ್ತದೆ: ಯೆಲಿತೆಂಡಾ, ಬಂಬಾತೆಂಡಾ, ಯಾರ್ಬುತೆಂಡಾ. ಮಂಡಿಂಕಾ ಭಾಷೆಯಲ್ಲಿ ತೆಂಡಾ ಎಂದರೆ ದೋಣಿ ನಿಲ್ಲುವ ಜಾಗ. ನಮ್ಮ ಕರಾವಳಿಯವರು ಕಡವು ಎನ್ನುವುದಿಲ್ಲವೆ, ಹಾಗೆ.

ಯುರೋಪಿನವರಲ್ಲಿ ಮೊದಲು ಇಲ್ಲಿಗೆ ಬಂದವರು ಪೋರ್ಚುಗಲ್ಲಿನ ಪರವಾಗಿ ಹಡಗು ನಡೆಸಿದವರು. ವೆನಿಸ್ಸಿನ ಕಾದಮೊಸ್ತೊ 1455-56ರಲ್ಲಿ ನದಿಯೊಳಕ್ಕೆ ಹಡಗು ತಂದ. 1651ರಲ್ಲಿ ಬಾಲ್ಟಿಕ್ ಸಮುದ್ರ ತೀರದ ಕೋರ್ಲೆಂಡ್ ಎಂಬ ಪುಟ್ಟ ಸಂಸ್ಥಾನದವರು ನದಿಯ ನಡುವಿನ ಒಂದು ದ್ವೀಪದಲ್ಲಿ ಕೋಟೆ ಕಟ್ಟಿದರು. ಹತ್ತು ವರ್ಷದಲ್ಲಿ ಇಂಗ್ಲಿಷರು ಅದನ್ನು ಕಿತ್ತುಕೊಂಡು ಜೇಮ್ಸ್ ದ್ವೀಪವೆಂದು ಕರೆದರು. ಅಲ್ಲಿಂದ ಮುಂದೆ ಅದರ ಮುಖ್ಯ ವ್ಯಾಪಾರ ಮನುಷ್ಯರದು. ಹಿಡಿದು ತಂದವರನ್ನು ಅಲ್ಲಿ ಕೂಡಿಟ್ಟು, ಅಮೆರಿಕದ ಕಡೆಗೆ ಹೋಗುವ ಹಡಗುಗಳಿಗೆ ತುಂಬುತ್ತಿದ್ದರು. ಅಮೆರಿಕದ ಕರಿಯ ಲೇಖಕ ಅಲೆಕ್ಸ್ ಹೇಲಿಯ 'ರೂಟ್ಸ್' ಪುಸ್ತಕ 1976ರಲ್ಲಿ ಹೊರಬಂದ ಮೇಲೆ, ಎದುರು ದಡದ ಜುಫುರೆ ಎಂಬ ಹಳ್ಳಿಯ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. 2003ರಲ್ಲಿ ಯುನೆಸ್ಕೊ ಆ ದ್ವೀಪವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು; 2011ರಲ್ಲಿ ಅದಕ್ಕೆ ಆ ಪುಸ್ತಕದ ನಾಯಕನ ಹೆಸರಿನಿಂದ ಕುಂಟಾ ಕಿಂಟೆ ದ್ವೀಪ ಎಂದು ಮರುನಾಮಕರಣವಾಯಿತು.

ಇಂಗ್ಲೆಂಡು 1807ರಲ್ಲಿ ಗುಲಾಮರ ವ್ಯಾಪಾರವನ್ನು ಕಾನೂನಿನಿಂದ ನಿಷೇಧಿಸಿತು. ಅದನ್ನು ನದಿಯ ಬಾಯಲ್ಲೇ ತಡೆಯಬೇಕೆಂದು 1816ರಲ್ಲಿ ಕ್ಯಾಪ್ಟನ್ ಅಲೆಕ್ಸಾಂಡರ್ ಗ್ರಾಂಟ್ ಎಂಬ ಅಧಿಕಾರಿ ಕೊಂಬೊ ರಾಜನಿಂದ ಬಾಂಜುಲ್ ದ್ವೀಪವನ್ನು ಪಡೆದ. ಕರಾರಿನ ಪ್ರಕಾರ ವರ್ಷಕ್ಕೆ 103 ಕಬ್ಬಿಣದ ಸಲಾಕೆಗಳ ಕಾಣಿಕೆ! ಆ ನಾಡಿನಲ್ಲಿ ಕಬ್ಬಿಣದ ಸಲಾಕೆಯೇ ಅಂದಿನ ನಾಣ್ಯ. ಅಲ್ಲಿ ಎದ್ದ ಊರಿಗೆ ವಸಾಹತು ಮಂತ್ರಿಯ ಹೆಸರಿನಿಂದ ಬಾಥರ್ಸ್ಟ್ ಎಂದು ಹೆಸರಾಯಿತು. 1973ರಲ್ಲಿ ಅದು ಮತ್ತೆ ಬಾಂಜುಲ್ ಆಯಿತು.

ಶೇಂಗಾ ತಂದ ಬದಲಾವಣೆ

ಗುಲಾಮರ ವ್ಯಾಪಾರ ನಿಂತ ಮೇಲೆ ಹೊಳೆಯಲ್ಲಿ ಸಾಗಿಸಲು ಬೇರೊಂದು ಸರಕು ಬೇಕಾಯಿತು. ಅದು ಶೇಂಗಾ, ಕರಾವಳಿಯವರ ನೆಲಗಡಲೆ. ದಕ್ಷಿಣ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಈ ಬೀಜಕ್ಕೆ ಅಲ್ಲಿನ ಮರಳುಮಣ್ಣು ಹೇಳಿ ಮಾಡಿಸಿದಂತಿತ್ತು. 1830ರ ಸುಮಾರಿಗೆ ಕೆಲವೇ ಬುಟ್ಟಿಗಳಾಗಿ ಹೊರಗೆ ಹೋದ ಶೇಂಗಾ, ಇಪ್ಪತ್ತು ವರ್ಷದಲ್ಲಿ ವಸಾಹತಿನ ಮುಖ್ಯ ರಫ್ತಾಯಿತು. ಕೊಳ್ಳುತ್ತಿದ್ದವರು ಹೆಚ್ಚಾಗಿ ಫ್ರೆಂಚರು. ಅವರಿಗೆ ಸಾಬೂನಿಗೂ ಅಡುಗೆಗೂ ಎಣ್ಣೆ ಬೇಕಾಗಿತ್ತು. ಆಡಳಿತ ಇಂಗ್ಲಿಷರದು, ವ್ಯಾಪಾರ ಫ್ರೆಂಚರದು; ಈ ಎಡವಟ್ಟು ಅಂದಿನಿಂದಲೇ ಇತ್ತು.

ಶೇಂಗಾ ಮನೆಯೊಳಗಿನ ಕೆಲಸವನ್ನೂ ಹಂಚಿಬಿಟ್ಟಿತು. ಎತ್ತರದ ಒಣಭೂಮಿಯಲ್ಲಿ ಗಂಡಸರು ಶೇಂಗಾ ಬೆಳೆದರು. ತಗ್ಗಿನ ಕೆಸರಿನಲ್ಲಿ ಹೆಂಗಸರು ಭತ್ತ ಬೆಳೆದರು. ಶೇಂಗಾದಿಂದ ರೊಕ್ಕ, ಭತ್ತದಿಂದ ಅನ್ನ. ರೊಕ್ಕದ ಬೆಳೆ ಹೆಚ್ಚಿದಂತೆ ಅನ್ನದ ಕೊರತೆಯೂ ಹೆಚ್ಚಿ, ಹೊರದೇಶದ ಅಕ್ಕಿ ಹಡಗಿನಲ್ಲಿ ಬರತೊಡಗಿತು. ಹಗೇವು ಬರಿದಾಗಿ ಹೊಸ ಬೆಳೆ ಇನ್ನೂ ಕೈಗೆ ಬಾರದ ಮಳೆಗಾಲದ ತಿಂಗಳುಗಳಿಗೆ ಅಲ್ಲಿ 'ಹಸಿವಿನ ಕಾಲ' ಎಂದೇ ಹೆಸರು.

ಮತ್ತೊಂದು ಪದ್ಧತಿ ನಮ್ಮ ಓದುಗರಿಗೆ ಕುತೂಹಲದ್ದಾಗಿರಬಹುದು. ಮಳೆಗಾಲಕ್ಕೆ ಮುಂಚೆ ಇಂದಿನ ಮಾಲಿ, ಗಿನಿ, ಸೆನೆಗಲ್‌ಗಳ ಒಳನಾಡಿನಿಂದ ಸಾವಿರಾರು ತರುಣರು ನಡೆದುಕೊಂಡೇ ಈ ನದಿದಂಡೆಗೆ ಬರುತ್ತಿದ್ದರು. ಊರಿನ ಒಬ್ಬ ಯಜಮಾನ ಇವರಿಗೆ ಊಟ, ವಸತಿ, ಒಂದು ತುಂಡು ಹೊಲ ಕೊಡುವನು. ಇವರು ವಾರದಲ್ಲಿ ಕೆಲವು ದಿನ ಯಜಮಾನನ ಹೊಲದಲ್ಲಿ ದುಡಿದು, ಉಳಿದ ದಿನ ತಮ್ಮ ತುಂಡಿನಲ್ಲಿ ಶೇಂಗಾ ಬೆಳೆದು, ಮಾರಿ, ರೊಕ್ಕ ಕಟ್ಟಿಕೊಂಡು ಊರಿಗೆ ಮರಳುವರು. ಇಂಗ್ಲಿಷ್ ಅಧಿಕಾರಿಗಳು ಇವರನ್ನು 'ಅಪರಿಚಿತ ರೈತರು' ಎಂದು ದಾಖಲೆಯಲ್ಲಿ ಬರೆದರು. ಹೆಸರು ಅಪರಿಚಿತವಾದರೂ ಒಂದೇ ಬಟ್ಟಲಿನಲ್ಲಿ ಕೂತು ಉಂಡವರು. ಊರು ಬಿಟ್ಟು ಮುಂಬಯಿಗೆ ಬಂದು, ಊರಿನವರದೇ ಖೋಲಿಯಲ್ಲಿ ಜಾಗ ಹಿಡಿದು ದುಡಿದ ನಮ್ಮ ಹಿರಿಯರಿಗೆ ಈ ಏರ್ಪಾಡು ತೀರ ಹೊಸದೆನಿಸಲಾರದು.

ಕೈವಾರ ಹಿಡಿದು ಎಳೆದ ಗೆರೆ

ಇಂಗ್ಲೆಂಡಿಗೆ ಈ ವಸಾಹತು ಅಷ್ಟೇನೂ ಬೇಕಾಗಿರಲಿಲ್ಲ. 1860 ಮತ್ತು 1870ರ ದಶಕಗಳಲ್ಲಿ, ಇದನ್ನು ಫ್ರೆಂಚರಿಗೆ ಕೊಟ್ಟು ಆಫ್ರಿಕದ ಬೇರೆ ಕಡೆ ಜಾಗ ಪಡೆಯುವ ಮಾತುಕತೆ ಮತ್ತೆ ಮತ್ತೆ ನಡೆಯಿತು. ಬಾಥರ್ಸ್ಟಿನ ವ್ಯಾಪಾರಿಗಳೂ, ಬಿಡುಗಡೆಯಾದ ಗುಲಾಮರ ಸಂತತಿಯವರಾದ ಅಕು ಜನರೂ ಅರ್ಜಿಗಳನ್ನು ಬರೆದು ವಿರೋಧಿಸಿದರು. 1876ರಲ್ಲಿ ಆ ಮಾತು ಬಿದ್ದುಹೋಯಿತು. ಅಷ್ಟರಲ್ಲಿ ಫ್ರೆಂಚರು ಸುತ್ತಲಿನ ನಾಡನ್ನೆಲ್ಲ ಹಿಡಿಯುತ್ತ ಬಂದಿದ್ದರು.

1889ರ ಆಗಸ್ಟ್ 10ರಂದು ಪ್ಯಾರಿಸ್ ನಗರದಲ್ಲಿ ಎರಡು ಸರಕಾರಗಳ ಪ್ರತಿನಿಧಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ನದಿಯ ಎರಡೂ ದಡಗಳಿಂದ ಹತ್ತು ಕಿಲೋಮೀಟರಿನಷ್ಟು ನೆಲ ಇಂಗ್ಲಿಷರಿಗೆ, ಅದರಾಚೆಯದು ಫ್ರೆಂಚರಿಗೆ. ಕಡಲ ಕಡೆ ನೆಟ್ಟಗಿನ ಗೆರೆಗಳು. ಮೇಲೆ ಹೋದಂತೆ ನದಿ ತಿರುಗಿದ ಕಡೆಯೆಲ್ಲ ಗೆರೆಯೂ ತಿರುಗಬೇಕು. ನಾವು ಬಿ.ಎಸ್‌ಸಿ. ಓದಿದವರು. ಕೈವಾರವಿಟ್ಟು ಹತ್ತು ಕಿಲೋಮೀಟರು ತ್ರಿಜ್ಯದ ಕಮಾನುಗಳನ್ನು ಎಳೆದರೆ ಆ ದೇಶದ ಪೂರ್ವಾರ್ಧ ಹೇಗೆ ಮೂಡುತ್ತದೆಂಬುದನ್ನು ಭೂಪಟದಲ್ಲಿ ಇಂದಿಗೂ ಕಾಣುತ್ತೇವೆ. ಇಂಗ್ಲಿಷರ ಯುದ್ಧನೌಕೆ ನದಿಯಲ್ಲಿ ಹೋಗುತ್ತ ಎರಡೂ ಕಡೆಗೆ ತೋಪು ಹಾರಿಸಿತು, ಗುಂಡು ಬಿದ್ದ ಜಾಗವೇ ಗಡಿಯಾಯಿತು ಎಂದು ಅಲ್ಲಿನ ಜನ ಕಥೆ ಹೇಳುತ್ತಾರೆ. ಕಥೆ ನಿಜವಲ್ಲ. ಆದರೆ ತಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲವೆಂಬ ಅವರ ನೋವನ್ನು ಅದು ಒಪ್ಪಂದದ ಕಾಗದಕ್ಕಿಂತ ಚೆನ್ನಾಗಿ ಹೇಳುತ್ತದೆ.

ಗೆರೆಯಾಚೆಯ ಒಂದು ಊರಿನ ಹೊಲ ಈಚೆ ಉಳಿಯಿತು. ಒಂದೇ ಮನೆತನದ ಅಣ್ಣ ಇಂಗ್ಲಿಷರ ಪ್ರಜೆ, ತಮ್ಮ ಫ್ರೆಂಚರ ಪ್ರಜೆ. ಶಾಲೆ ಬಂದಾಗ ಅಣ್ಣನ ಮಕ್ಕಳು ಇಂಗ್ಲಿಷ್ ಕಲಿತರು, ತಮ್ಮನ ಮಕ್ಕಳು ಫ್ರೆಂಚ್ ಕಲಿತರು. ಮನೆಯಲ್ಲಿ ಮಾತ್ರ ಎರಡೂ ಕಡೆ ಮಂಡಿಂಕಾ ಅಥವಾ ವೊಲೊಫ್. ಇದನ್ನು ಓದುವಾಗ ನಮಗೆ ನಮ್ಮ ಅಜ್ಜಿಯ ನೆನಪು ಬಂತು. ಅವರ ತವರು ಅಕ್ಕಲಕೋಟೆ ತಾಲೂಕು, ಗಂಡನ ಮನೆ ಆಳಂದ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಒಂದು ಮುಂಬಯಿ ರಾಜ್ಯದಲ್ಲಿ ಉಳಿಯಿತು, ಇನ್ನೊಂದು ಮೈಸೂರಿಗೆ ಸೇರಿತು. ಅಣ್ಣನ ಮೊಮ್ಮಕ್ಕಳು ಮರಾಠಿ ಶಾಲೆಗೆ, ಅಜ್ಜಿಯ ಮೊಮ್ಮಕ್ಕಳು ಕನ್ನಡ ಶಾಲೆಗೆ. ನಮ್ಮದು ಒಂದೇ ದೇಶದೊಳಗಿನ ಗೆರೆ, ದಾಟಲು ಯಾರ ಅಪ್ಪಣೆಯೂ ಬೇಡ. ಅಷ್ಟಾದರೂ ಅಜ್ಜಿಗೆ ತವರು ತುಸು ದೂರವಾದಂತೆ ಅನಿಸುತ್ತಿತ್ತು. ಅಲ್ಲಿಯವರಿಗೆ ಏನನ್ನಿಸಿರಬೇಡ!

ಕಾಯುವುದೇ ಪ್ರಯಾಣ

ಗ್ಯಾಂಬಿಯಾದಲ್ಲಿ ಬಹುಕಾಲ ಪ್ರಯಾಣವೆಂದರೆ ಹೊಳೆಯ ಮೇಲಿನ ಪ್ರಯಾಣವೇ. ಬಾಥರ್ಸ್ಟಿನಿಂದ ಪೂರ್ವದ ಬಸ್ಸೆ ಊರಿನವರೆಗೆ ಸುಮಾರು 400 ಕಿ.ಮೀ. ದೂರ ಸರಕಾರಿ ಸ್ಟೀಮರು ಓಡಾಡುತ್ತಿತ್ತು. ಒಂದರ ಹೆಸರು 'ಲೇಡಿ ರೈಟ್'. ಅದರ ನಂತರ ಬಂದದ್ದು 'ಲೇಡಿ ಚಿಲೆಲ್ ಜವಾರಾ'. ಹಬ್ಬಕ್ಕೆ ಹೋಗುವ ನೆಂಟರು, ಆಡು, ಕೋಳಿ, ಅಕ್ಕಿಮೂಟೆ, ಟಪಾಲಿನ ಚೀಲ ಎಲ್ಲವೂ ಅದರಲ್ಲೇ. ಸ್ಟೀಮರು ಬಂತೆಂದರೆ ದಡದ ಊರಿಗೆ ಸಂತೆ ಬಂದಂತೆ. 1984ರಲ್ಲಿ 'ಲೇಡಿ ಚಿಲೆಲ್' ಮುಳುಗಿದ ಮೇಲೆ ಆ ಸಂಭ್ರಮ ಮುಗಿಯಿತು. ಪ್ರಯಾಣಿಕರು ರಸ್ತೆಗೆ, ವ್ಯಾನಿಗೆ ಬಂದರು.

ಆ ವ್ಯಾನುಗಳಿಗೆ ಜನ 'ಗೆಲೆಗೆಲೆ' ಎನ್ನುತ್ತಾರೆ. ಹೊತ್ತಿಗೆ ಹೊರಡುವ ಪದ್ಧತಿಯಿಲ್ಲ. ತುಂಬಿದ ಮೇಲೆ ಹೊರಡುವುದು. ಹಿಂಬಾಗಿಲಲ್ಲಿ ನೇತಾಡುತ್ತ ಊರಿನ ಹೆಸರು ಕೂಗುವ ಹುಡುಗ, ಮೇಲೆ ಮೂಟೆಗಳ ಜೊತೆ ಕಾಲು ಕಟ್ಟಿದ ಕುರಿ. ನಮ್ಮ ಉತ್ತರ ಕರ್ನಾಟಕದ ಟೆಂಪೋ, ಟ್ರ್ಯಾಕ್ಸುಗಳಲ್ಲಿ ಓಡಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ವ್ಯಾನು ಎಷ್ಟು ಓಡಿದರೂ ಕೊನೆಗೆ ಹೊಳೆಯ ದಡದಲ್ಲಿ ನಿಲ್ಲಲೇಬೇಕು. ಮುಖ್ಯವಾದ ದಾಟುಗಳು ಎರಡು. ಒಂದು, ನದಿಯ ಬಾಯಲ್ಲಿ ಬಾಂಜುಲ್‌ನಿಂದ ಎದುರಿನ ಬಾರ್ರಾಕ್ಕೆ. ಅಲ್ಲಿ ನೀರಿನ ಹರವು ಸುಮಾರು ಐದು ಕಿಲೋಮೀಟರು. ಫೆರಿ ಚೆನ್ನಾಗಿದ್ದರೆ ಅರ್ಧ ತಾಸು, ಮುಕ್ಕಾಲು ತಾಸು. ಯಂತ್ರ ಕೆಟ್ಟರೆ ಹೇಳುವಂತಿಲ್ಲ. ಎರಡನೆಯದು ನಡುನಾಡಿನ ಫರಾಫೆನ್ನಿಯ ಹತ್ತಿರ, ಯೆಲಿತೆಂಡಾ ಮತ್ತು ಬಂಬಾತೆಂಡಾಗಳ ನಡುವೆ. ಉತ್ತರ ಸೆನೆಗಲ್ಲಿನಿಂದ ದಕ್ಷಿಣ ಸೆನೆಗಲ್ಲಿಗೆ, ಅಂದರೆ ಕಸಮಾನ್ಸ್ ಪ್ರಾಂತಕ್ಕೆ, ಹೋಗುವ ಲಾರಿಗಳೆಲ್ಲ ಇಲ್ಲಿಯೇ ದಾಟಬೇಕು. ಒಂದು ಬಾರಿಗೆ ಕೆಲವೇ ಲಾರಿ. ಸಾಲು ಬೆಳೆದಾಗ ಡ್ರೈವರುಗಳು ದಿನಗಟ್ಟಲೆ ಲಾರಿಯ ಕೆಳಗೆ ಮಲಗಿ ಕಾದರು. ಈರುಳ್ಳಿ, ಮಾವಿನ ಹಣ್ಣು ಸಾಲಿನಲ್ಲೇ ಕೊಳೆತವು. ತಂಬಕುಂಡಾ ಪಟ್ಟಣದ ಮೇಲಿಂದ ಸುತ್ತಿ ಹೋಗುವುದಾದರೆ ನೂರಾರು ಕಿಲೋಮೀಟರು ಹೆಚ್ಚು. ಕಾಯುವವರಿದ್ದಲ್ಲಿ ಮಾರುವವರು: ಹುರಿದ ಶೇಂಗಾ, ಬೇಯಿಸಿದ ಮೊಟ್ಟೆ, ಮೀನು, ತಣ್ಣೀರು ಮಾರುವ ಹೆಂಗಸರು ಮಕ್ಕಳಿಂದ ದಡದಲ್ಲಿ ಒಂದು ಪೇಟೆಯೇ ಬೆಳೆಯಿತು. ಹೊಳೆಗಳಿಗೆ ಸೇತುವೆ ಬರುವ ಮುಂಚೆ, ಕಾರವಾರದ ಕೋಡಿಬಾಗದಲ್ಲಿ ಬಸ್ಸಿನಿಂದಿಳಿದು ಕಾಳಿಯನ್ನು ದಾಟಿದ ಹಿರಿಯರು ನಮ್ಮ ಸಂಘದಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿದರೆ ಇಂಥ ದಡದ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಇದೆಲ್ಲ ಬರೀ ತೊಂದರೆಯ ಮಾತಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಕಸಮಾನ್ಸ್‌ನ ಜನರಿಗೆ ರಾಜಧಾನಿ ಡಾಕಾರಿಗೆ ಹೋಗಲು ಗ್ಯಾಂಬಿಯಾ ಅಡ್ಡ. ರಸ್ತೆಯಲ್ಲಿ ಎರಡು ಗಡಿ, ಒಂದು ಫೆರಿ. ಜೊತೆಗೆ 1982ರಿಂದ ಅಲ್ಲಿ ಬಂಡಾಯ ನಡೆದಿದ್ದರಿಂದ ಹಾದಿಯೂ ಕ್ಷೇಮವಲ್ಲ. ಹಾಗಾಗಿ ಅವರು ಕಡಲಿನ ಮೇಲೆ ಸುತ್ತಿ ಹೋಗುವ 'ಲ ಜೋಲಾ' ಎಂಬ ಸರಕಾರಿ ಹಡಗನ್ನು ನಂಬಿದ್ದರು. ಸುಮಾರು 580 ಜನರಿಗಾಗಿ ಕಟ್ಟಿದ ಆ ಹಡಗು 2002ರ ಸೆಪ್ಟೆಂಬರ್ 26ರ ರಾತ್ರಿ ಅದರ ಮೂರು ಪಟ್ಟಿಗೂ ಮೀರಿ ಜನರನ್ನು ಹೊತ್ತು ಹೋಗುತ್ತಿರುವಾಗ, ಗ್ಯಾಂಬಿಯಾದ ಕರೆಯಾಚೆ ಬಿರುಗಾಳಿಗೆ ಸಿಕ್ಕಿ ಮಗುಚಿಕೊಂಡಿತು. 1,800ಕ್ಕೂ ಹೆಚ್ಚು ಜನ ಸತ್ತರು. ಬದುಕಿದವರು 64 ಮಂದಿ. ಸತ್ತವರಲ್ಲಿ ಶಾಲೆ ಕಾಲೇಜು ಸೇರಲು ಹೊರಟ ಎಷ್ಟೋ ಹುಡುಗರಿದ್ದರು. ಟೈಟಾನಿಕ್ ದುರಂತದಲ್ಲಿ ಸತ್ತವರಿಗಿಂತ ಇವರ ಸಂಖ್ಯೆ ದೊಡ್ಡದು, ಆದರೂ ಇವರನ್ನು ಲೋಕ ನೆನೆಯುವುದು ಕಡಿಮೆ. ಹಡಗಿನಲ್ಲಿ ಮಿತಿಮೀರಿ ಜನರನ್ನು ತುಂಬಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಲದ ಮೇಲೆ ನೇರವಾದ ಹಾದಿಯಿದ್ದಿದ್ದರೆ ಅಷ್ಟು ಜನ ಆ ಹಡಗನ್ನು ಹತ್ತುತ್ತಿದ್ದರೆ? 1889ರ ಗೆರೆ ನೂರಹದಿಮೂರು ವರ್ಷಗಳ ನಂತರವೂ ಕೆಲಸ ಮಾಡುತ್ತಲೇ ಇತ್ತು.

ಮನೆ, ಬಟ್ಟಲು, ಚಹಾ

ಇಂಥ ಬಾಳಿನಲ್ಲಿ ಜನರನ್ನು ಕೂಡಿಸಿಟ್ಟಿದ್ದು ಸರಕಾರಗಳಲ್ಲ, ರೂಢಿಗಳು. ಅಲ್ಲಿ ಇಬ್ಬರು ಎದುರಾದರೆ ಕೆಲಸದ ಮಾತಿಗೆ ಮುಂಚೆ ಕ್ಷೇಮಸಮಾಚಾರ. ಮನೆಯವರು ಹೇಗೆ, ತಾಯಿ ಹೇಗೆ, ಮಕ್ಕಳು ಹೇಗೆ, ಬೆಳೆ ಹೇಗೆ ಎಂದು ಒಂದೊಂದಾಗಿ ಕೇಳಬೇಕು. ಮಂಡಿಂಕಾದವರು 'ಕೈರಾ ದೊರೊನ್' ಎನ್ನುತ್ತಾರೆ. ವೊಲೊಫರು 'ಜಾಮ್ ರೆಕ್' ಎನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ: 'ಶಾಂತಿಯೊಂದೇ'. ಕಷ್ಟವಿದ್ದರೂ ಮೊದಲ ಉತ್ತರ ಅದೇ. ಕಷ್ಟದ ಮಾತು ಆಮೇಲೆ.

ಊಟ ಒಂದೇ ದೊಡ್ಡ ಬಟ್ಟಲಿನ ಸುತ್ತ. ಮೀನು, ತರಕಾರಿ, ಅಕ್ಕಿಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿದ 'ಬೆನಾಚಿನ್', ಇಲ್ಲವೆ ಅನ್ನದ ಮೇಲೆ ಶೇಂಗಾದ ಗಟ್ಟಿ ಸಾರು 'ದೊಮೊದಾ'. ಪ್ರತಿಯೊಬ್ಬರೂ ತಮ್ಮ ಮುಂದಿನದನ್ನು ಮಾತ್ರ ಉಣ್ಣಬೇಕು. ಹೊತ್ತಿಗೆ ಬಂದವರು ಯಾರೇ ಆಗಲಿ ಕೂರಿಸಿಕೊಳ್ಳುತ್ತಾರೆ. ಮಧ್ಯಾಹ್ನದ ಮೇಲೆ ಗಂಡಸರು ಇದ್ದಿಲ ಒಲೆಯ ಮುಂದೆ ಕೂತು 'ಅತಾಯಾ' ಕಾಸುತ್ತಾರೆ. ಚೀನದ ಹಸಿರು ಚಹಾ, ಸಕ್ಕರೆ, ಪುಟ್ಟ ಲೋಟಗಳು. ಒಂದೇ ಸೊಪ್ಪಿನಿಂದ ಮೂರು ಸುತ್ತು: ಮೊದಲನೆಯದು ಕಹಿ, ಎರಡನೆಯದು ಹದ, ಮೂರನೆಯದು ಸಿಹಿ. ಮೂರೂ ಮುಗಿಯಲು ಒಂದೆರಡು ತಾಸು ಬೇಕು. ಚಹಾ ಅಲ್ಲಿ ನೆಪ. ಕೂಡಿ ಕೂರುವುದೇ ಮುಖ್ಯ.

ಹೆಂಗಸರಿಗೆ 'ಒಸುಸು' ಇದೆ. ಹತ್ತು ಹನ್ನೆರಡು ಜನ ವಾರಕ್ಕೋ ತಿಂಗಳಿಗೋ ಇಂತಿಷ್ಟು ಹಾಕಿ, ಸರದಿಯ ಮೇಲೆ ಒಬ್ಬೊಬ್ಬರು ಒಟ್ಟು ಹಣ ಎತ್ತುವುದು. ನಮ್ಮ ಮನೆಗಳ ಚೀಟಿ, ಮುಂಬಯಿಯ ಭಿಶಿ! ಬೀಜ ಕೊಳ್ಳಲು, ಮಗಳ ಮದುವೆಗೆ, ದಡದ ಅಂಗಡಿಗೆ ಸಾಮಾನು ತುಂಬಲು ಬ್ಯಾಂಕಿಗಿಂತ ಮೊದಲು ಒದಗುವುದು ಅದೇ. ಮಗು ಹುಟ್ಟಿ ವಾರಕ್ಕೆ ನಾಮಕರಣ. ಅಲ್ಲಿ ಕೋಲಾ ಬೀಜ ಹಂಚಲೇಬೇಕು, ನಮ್ಮಲ್ಲಿ ವೀಳ್ಯ ಕೊಟ್ಟ ಹಾಗೆ. ಆ ನಾಮಕರಣಕ್ಕೆ ಗೆರೆಯಾಚೆಯ ಸೋದರತ್ತೆ ಬಾರದಿದ್ದರೆ ಆಗುವುದಿಲ್ಲ. ಕಸ್ಟಮ್ಸ್ ಕಟ್ಟೆ ಇರಲಿ, ಫೆರಿ ಕೆಟ್ಟಿರಲಿ, ಆಕೆ ಬರುತ್ತಾಳೆ.

ಎರಡು ಮನೆತನಗಳ ನಡುವೆ, ಎರಡು ಜನಾಂಗಗಳ ನಡುವೆ 'ಸನವುಯಾ' ಎಂಬ ಗೇಲಿಯ ನಂಟು ಉಂಟು. ಮೊದಲ ಸಲ ಕಂಡವನ ಕುಲನಾಮ ಕೇಳುತ್ತಲೇ 'ನೀನು ಹೊಟ್ಟೆಬಾಕರ ಮನೆಯವನು' ಎಂದು ಛೇಡಿಸಬಹುದು. ಅವನು ಸಿಟ್ಟಾಗುವಂತಿಲ್ಲ, ತಿರುಗಿ ಛೇಡಿಸಬೇಕು. ಗಡಿಯ ಕಾವಲಿನವನೊಡನೆಯೂ ಈ ಹಕ್ಕು ನಡೆಯುತ್ತದೆ.

ಗೋಲಿಯ ಸದ್ದು, ಸೇತುವೆಯ ದಾರಿ

1965ರ ಫೆಬ್ರವರಿ 18ರಂದು ಗ್ಯಾಂಬಿಯಾ ಸ್ವತಂತ್ರವಾಯಿತು. ಪಶುವೈದ್ಯರಾಗಿದ್ದ ದಾವ್ದಾ ಜವಾರಾ ಪ್ರಧಾನಿಯಾದರು. 1970ರಲ್ಲಿ ದೇಶ ಗಣರಾಜ್ಯವಾದಾಗ ಅಧ್ಯಕ್ಷರಾದರು. ಇದು ಬಹುಕಾಲ ಬಾಳುವ ದೇಶವಲ್ಲ, ಸೆನೆಗಲ್ಲಿನೊಳಗೆ ಕರಗುತ್ತದೆ ಎಂದು ಹೇಳಿದವರೇ ಹೆಚ್ಚು. ನೆರೆಯವರೊಡನೆ ಹೊಂದಿಕೊಳ್ಳಲು 1965ರ ಅಕ್ಟೋಬರ್ 1ರಿಂದ ವಾಹನಗಳು ರಸ್ತೆಯ ಎಡಗಡೆ ಬಿಟ್ಟು ಬಲಗಡೆ ಓಡತೊಡಗಿದವು. 1971ರಲ್ಲಿ ಪೌಂಡು ಹೋಗಿ 'ದಲಾಸಿ' ಬಂತು. ಒಂದು ಪೌಂಡಿಗೆ ಐದು ದಲಾಸಿ, ಒಂದು ದಲಾಸಿಗೆ ನೂರು ಬುತುತ್.

1981ರ ಜುಲೈನಲ್ಲಿ ಜವಾರಾ ಲಂಡನ್ನಿನ ರಾಜಕುಮಾರ ಚಾರ್ಲ್ಸ್‌ರ ಮದುವೆಗೆ ಹೋಗಿದ್ದಾಗ ಕ್ಷಿಪ್ರಕ್ರಾಂತಿಯ ಯತ್ನ ನಡೆಯಿತು. ಸೆನೆಗಲ್ಲಿನ ಸೇನೆ ಬಂದು ಅದನ್ನು ಅಡಗಿಸಿತು. ಆ ಋಣದಲ್ಲೇ 1982ರಲ್ಲಿ ಎರಡು ದೇಶಗಳ 'ಸೆನೆಗ್ಯಾಂಬಿಯಾ' ಒಕ್ಕೂಟ ಹುಟ್ಟಿತು, 1989ರಲ್ಲಿ ಮುರಿದುಬಿತ್ತು. ಗ್ಯಾಂಬಿಯಾದಲ್ಲಿ ಸುಂಕ ಕಡಿಮೆ. ಅಲ್ಲಿಂದ ಅಕ್ಕಿ, ಸಕ್ಕರೆ, ಬಟ್ಟೆ ಕದ್ದು ಸೆನೆಗಲ್ಲಿಗೆ ಹೋಗುತ್ತಿತ್ತು. ಸುಂಕವನ್ನು ಒಂದು ಮಾಡಿದರೆ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಗೆರೆಯಿಂದಲೇ ಹೊಟ್ಟೆ ಹೊರೆಯುವವರೂ ಹುಟ್ಟಿಕೊಂಡಿದ್ದರೆಂಬುದನ್ನು ಮರೆಯಬಾರದು.

1994ರಲ್ಲಿ ಯಾಹ್ಯಾ ಜಾಮೆ ಎಂಬ ಸೈನ್ಯಾಧಿಕಾರಿ ಅಧಿಕಾರ ಹಿಡಿದು ಇಪ್ಪತ್ತೆರಡು ವರ್ಷ ಆಳಿದ. ಕಠಿಣವಾದ, ಜನರನ್ನು ಹೆದರಿಸಿದ ಆಡಳಿತ. 2016ರಲ್ಲಿ ಅವನ ಸರಕಾರ ಸೆನೆಗಲ್ಲಿನ ಲಾರಿಗಳ ಶುಲ್ಕವನ್ನು ವಿಪರೀತ ಏರಿಸಿದ್ದರಿಂದ ಫೆಬ್ರವರಿಯಿಂದ ಮೇ ತನಕ ಗಡಿಯ ಸಾಗಣೆಯೇ ನಿಂತುಹೋಯಿತು. ಅದೇ ವರ್ಷ ಡಿಸೆಂಬರ್ 1ರಂದು ಚುನಾವಣೆ.

ಅಲ್ಲಿನ ಮತದಾನ ಗೋಲಿಯಿಂದ! ಅಕ್ಷರ ಬಾರದವರೂ ಮತ ಹಾಕಲೆಂದು 1960ರ ದಶಕದಿಂದ ಬಂದ ಪದ್ಧತಿ. ಅಭ್ಯರ್ಥಿಯ ಚಿತ್ರ, ಬಣ್ಣಗಳಿರುವ ತಗಡಿನ ಡ್ರಮ್ಮುಗಳು. ಮತದಾರ ಒಂದು ಗಾಜಿನ ಗೋಲಿಯನ್ನು ಕೊಳವೆಯೊಳಗೆ ಹಾಕಿದರೆ ಒಳಗಿನ ಗಂಟೆ ಒಮ್ಮೆ 'ಟಿಣ್' ಎನ್ನುತ್ತದೆ. ಎರಡು ಸಲ ಸದ್ದಾದರೆ ಕಳ್ಳಮತ. ಮತಗಟ್ಟೆಯ ಹತ್ತಿರ ಸೈಕಲ್ಲಿನ ಗಂಟೆ ಕೇಳಿ ಗೊಂದಲವಾಗಬಾರದೆಂದು ಆ ದಿನ ಅಲ್ಲಿ ಸೈಕಲ್ ನಿಷಿದ್ಧ. ಎಣಿಕೆಗೆ ಇನ್ನೂರು, ಐನೂರು ಗುಳಿಗಳ ತಟ್ಟೆ. ಗುಳಿ ತುಂಬಿದರೆ ಲೆಕ್ಕ ಮುಗಿಯಿತು. 2021ರ ಅಧ್ಯಕ್ಷ ಚುನಾವಣೆಯೂ ಹೀಗೆಯೇ ನಡೆಯಿತು.

2016ರಲ್ಲಿ ಆ ಗೋಲಿಗಳು ಜಾಮೆಯನ್ನು ಸೋಲಿಸಿದವು. ಮೊದಲು ಒಪ್ಪಿಕೊಂಡವನು ಆಮೇಲೆ ಕುರ್ಚಿ ಬಿಡಲಿಲ್ಲ. ಯುದ್ಧವಾಗಬಹುದೆಂಬ ಭಯದಿಂದ ಸುಮಾರು 45 ಸಾವಿರ ಜನ ಗಡಿ ದಾಟಿ ಸೆನೆಗಲ್ಲಿಗೆ ಹೋದರು. ಹೆಚ್ಚಿನವರಿಗೆ ಅಲ್ಲಿ ನೆಂಟರ ಮನೆಗಳೇ ಆಸರೆ. ಗೆದ್ದ ಆಡಮಾ ಬ್ಯಾರೊ 2017ರ ಜನವರಿ 19ರಂದು ಡಾಕಾರಿನ ತಮ್ಮ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ಸ್ವೀಕರಿಸಿದರು. 21ರಂದು ಜಾಮೆ ದೇಶ ಬಿಟ್ಟ.

ಸರಿಯಾಗಿ ಎರಡು ವರ್ಷದ ಮೇಲೆ, 2019ರ ಜನವರಿ 21ರಂದು, ಫರಾಫೆನ್ನಿಯ ಬಳಿ ಸೆನೆಗ್ಯಾಂಬಿಯಾ ಸೇತುವೆಯನ್ನು ಎರಡು ದೇಶಗಳ ಅಧ್ಯಕ್ಷರು ಕೂಡಿ ತೆರೆದರು. ಉದ್ದ ಒಂದು ಕಿಲೋಮೀಟರಿಗಿಂತ ತುಸು ಕಡಿಮೆ. ಹಣದ ದೊಡ್ಡ ಪಾಲು ಆಫ್ರಿಕ ಅಭಿವೃದ್ಧಿ ಬ್ಯಾಂಕಿನದು. ದಿನಗಟ್ಟಲೆ ಕಾದ ಜಾಗವನ್ನು ಕೆಲವೇ ನಿಮಿಷಗಳಲ್ಲಿ ದಾಟಿದ ಜನ ಅಂದು ಕುಣಿದರು. ದಡದಲ್ಲಿ ಶೇಂಗಾ ಮಾರುತ್ತಿದ್ದ ತಾಯಂದಿರ ಪೇಟೆಗೆ ಮಾತ್ರ ಗಿರಾಕಿಯಿಲ್ಲದಾಯಿತು. ಬಾಂಜುಲ್ ಮತ್ತು ಬಾರ್ರಾ ನಡುವೆ ಇನ್ನೂ ಫೆರಿಯೇ ಗತಿ.

ನಮಗೂ ಆ ಹೊಳೆಗೂ ಸಂಬಂಧವೇ ಇಲ್ಲವೆನ್ನಬೇಡಿ. ಎರಡನೆಯ ಮಹಾಯುದ್ಧದಲ್ಲಿ ಗ್ಯಾಂಬಿಯಾ ರೆಜಿಮೆಂಟಿನ ಯೋಧರು ಭಾರತದ ಮೇಲಿಂದ ಹೋಗಿ ಬರ್ಮಾದ ಕಲದಾನ್ ಕಣಿವೆಯಲ್ಲಿ ನಮ್ಮ ಸೈನಿಕರೊಡನೆ ಹೋರಾಡಿದರು. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಲ್ಲಿ ನಮ್ಮ ಅಕ್ಕತಂಗಿಯರು ಸುಲಿಯುವ ಬೀಜದಲ್ಲಿ ಪಶ್ಚಿಮ ಆಫ್ರಿಕದಿಂದ ಬಂದದ್ದೂ ಉಂಟು. ಗ್ಯಾಂಬಿಯಾದ ಕಚ್ಚಾ ಗೇರನ್ನು ಕೊಳ್ಳುವವರಲ್ಲಿ ಭಾರತ ಮುಖ್ಯ. ಮುಂದಿನ ಸಲ ಪಾಯಸದಲ್ಲಿ ಗೋಡಂಬಿ ಸಿಕ್ಕಾಗ ಆ ದಡವನ್ನು ನೆನೆಯಿರಿ.

ಕಚೇರಿಯಲ್ಲಿ ನಮ್ಮ ಮೇಜಿಗೆ ಬರುವ ಎಷ್ಟೋ ಕಾಗದಗಳ ಮೇಲೆ ನಾವೂ ಗೆರೆ ಎಳೆಯುತ್ತೇವೆ, ಸಹಿಗೆ ಕಳುಹಿಸುತ್ತೇವೆ. 1889ರಲ್ಲಿ ಪ್ಯಾರಿಸ್ಸಿನ ಒಂದು ಕೋಣೆಯಲ್ಲಿ ಮುಗಿದ ಕೆಲಸವನ್ನು ಸರಿಪಡಿಸಿ ಒಂದು ಸೇತುವೆ ಕಟ್ಟಲು ನೂರಮೂವತ್ತು ವರ್ಷ ಹಿಡಿಯಿತು. ಆ ಅವಧಿಯಲ್ಲೆಲ್ಲ ದೋಣಿಯಲ್ಲಿ, ಫೆರಿಯಲ್ಲಿ, ಕಾಲ್ನಡೆಯಲ್ಲಿ ನಾಮಕರಣಕ್ಕೆ ಬರುತ್ತಿದ್ದ ಆ ಸೋದರತ್ತೆಗೆ ನಮ್ಮ ನಮಸ್ಕಾರ. ನಮ್ಮ ಅಜ್ಜಿಯೂ ಕೊನೆಯವರೆಗೆ ವರ್ಷಕ್ಕೊಮ್ಮೆ, ಬಸ್ಸು ಬದಲಿಸಿ, ಅಕ್ಕಲಕೋಟೆಯ ಜಾತ್ರೆಗೆ ಹೋಗಿ ಬರುತ್ತಿದ್ದರು.